ದಿವಾಳಿಯ ನಂತರ ಪತ್ತು: ಬಿದ್ದ ವರ್ತಕನು ಮರಳಿ ಎದ್ದು ನಿಲ್ಲುವ ಬಗೆ

ಹಿರೇಕೆರೂರು ತಾಲೂಕಿನ ಅಬಲೂರಿನೊಂದಿಗೆ ಹೆಸರು ಬೆಸೆದುಕೊಂಡಿರುವ ಸರ್ವಜ್ಞ ಕವಿಯು ಸಾಲ ಪಡೆಯುವಾಗಿನ ಸುಖವನ್ನೂ ಮರಳಿಸುವಾಗಿನ ಸಂಕಟವನ್ನೂ ಕುರಿತು ಹೇಳಿದ ತ್ರಿಪದಿ ಈ ಭಾಗದ ವರ್ತಕರಿಗೆಲ್ಲ ಬಾಯಿಪಾಠವಾಗಿದೆ. ಆದರೆ ಸಾಲ ತೀರಿಸಲಾಗದೆ ಬಿದ್ದವನು ಮುಂದೆ ಏನು ಮಾಡಬೇಕು, ಎಷ್ಟು ವರ್ಷಗಳಲ್ಲಿ ಅವನಿಗೆ ಮತ್ತೆ ಸಾಲ ದೊರೆತೀತು ಎಂಬುದನ್ನು ಬಾಯಿಬಿಟ್ಟು ಕೇಳಲು ಅನೇಕರು ಹಿಂಜರಿಯುತ್ತಾರೆ. ಕೇಳದೆ ಉಳಿದ ಕಾರಣಕ್ಕೇ ತಪ್ಪು ದಾರಿ ಹಿಡಿದು ಅಂಗಡಿಯನ್ನೂ ಮನೆಯನ್ನೂ ಕಳೆದುಕೊಂಡವರು ಪ್ರತಿ ಪೇಟೆಯಲ್ಲಿಯೂ ಇದ್ದಾರೆ.

ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ವ್ಯಾಪಾರವು ಬಹುಮಟ್ಟಿಗೆ ಮಳೆಯನ್ನೂ ಸುಗ್ಗಿಯನ್ನೂ ಅವಲಂಬಿಸಿದೆ. ಹಾನಗಲ್ಲಿನ ಭತ್ತ ಮತ್ತು ಮಾವು, ಶಿಗ್ಗಾವಿಯ ಹತ್ತಿ, ಸವಣೂರಿನ ವೀಳ್ಯದೆಲೆ ಮತ್ತು ಖಾರ, ಹಿರೇಕೆರೂರಿನ ಗೋವಿನಜೋಳ ಇವುಗಳಲ್ಲಿ ಯಾವುದು ಕೈಕೊಟ್ಟರೂ ರೈತನೊಂದಿಗೆ ದಲಾಲರು, ಗಿರಣಿಯವರು, ಬೀಜ-ಗೊಬ್ಬರದ ಅಂಗಡಿಕಾರರು ಸಹ ಕುಸಿಯುತ್ತಾರೆ. 2019ರ ನೆರೆ ಮತ್ತು 2023ರ ಬರ ಇದನ್ನು ಮತ್ತೊಮ್ಮೆ ತೋರಿಸಿದವು. ಉದ್ರಿ ಕೊಟ್ಟ ಮಾಲಿನ ಹಣ ಬಾರದು, ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲದು. ಆಗ ವರ್ತಕನ ಮುಂದೆ ಹಲವು ದಾರಿಗಳು ತೆರೆದುಕೊಳ್ಳುತ್ತವೆ. ಯಾವ ದಾರಿ ಹಿಡಿದರೆ ಪತ್ತು ಎಷ್ಟು ಕಾಲ ಕೆಡುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಅಗತ್ಯ.

ಪಾಪರ್ ಬೇರೆ, ದಿವಾಳಿ ಬೇರೆ

'ಅವರು ಪಾಪರ್ ಆದರು' ಎಂಬ ಮಾತು ನಮ್ಮ ಪೇಟೆಗಳಲ್ಲಿ ದಿವಾಳಿಗೆ ಪರ್ಯಾಯವಾಗಿ ಬಳಕೆಯಲ್ಲಿದೆ. ಕಾನೂನಿನಲ್ಲಿ ಇವೆರಡೂ ಬೇರೆ. ನ್ಯಾಯಾಲಯದ ಶುಲ್ಕ ತುಂಬಲು ಶಕ್ತಿಯಿಲ್ಲದೆ ದಾವೆ ಹೂಡುವವನನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯು ಮೊದಲು ಪಾಪರ್ ಎಂದು ಕರೆಯುತ್ತಿತ್ತು. 1976ರ ತಿದ್ದುಪಡಿಯಲ್ಲಿ ಆ ಪದವನ್ನು ಕೈಬಿಟ್ಟು ನಿರ್ಗತಿಕ ವ್ಯಕ್ತಿ ಎಂಬ ಅರ್ಥದ ಪದವನ್ನು ಸೇರಿಸಲಾಯಿತು. ಅದಕ್ಕೂ ಸಾಲದಿಂದ ಬಿಡುಗಡೆಗೂ ಸಂಬಂಧವಿಲ್ಲ.

ಒಡೆತನದ ಅಂಗಡಿ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಈಗಲೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 2016ರ ದಿವಾಳಿ ಸಂಹಿತೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿದ ಅನೇಕರು ಅದು ತಮಗೂ ಲಭ್ಯವೆಂದು ಭಾವಿಸಿದ್ದಾರೆ. ಆ ಸಂಹಿತೆಯ ಕಂಪನಿಗಳಿಗೆ ಸಂಬಂಧಿಸಿದ ಭಾಗವು 2016ರ ಡಿಸೆಂಬರ್ 1ರಿಂದಲೂ, ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದಲೂ ಜಾರಿಯಲ್ಲಿವೆ. ಇತರ ವ್ಯಕ್ತಿಗಳಿಗೆ ಮತ್ತು ಪಾಲುದಾರಿಕೆಗಳಿಗೆ ಸಂಬಂಧಿಸಿದ ಭಾಗ ಇದುವರೆಗೆ ಜಾರಿಗೆ ಬಂದಿಲ್ಲ. ಆದ್ದರಿಂದ ಹಿರೇಕೆರೂರಿನ ಅಂಗಡಿಕಾರನು ದಿವಾಳಿ ಅರ್ಜಿ ಸಲ್ಲಿಸಬೇಕಾದರೆ ನೂರು ವರ್ಷ ದಾಟಿದ ಹಳೆಯ ಕಾಯ್ದೆಯಡಿಯಲ್ಲೇ, ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಅಧಿಕಾರ ಕೊಟ್ಟಿರುವ ಅಧೀನ ನ್ಯಾಯಾಲಯದ ಮುಂದೆ ಸಲ್ಲಿಸಬೇಕು.

ದಿವಾಳಿ ಆದೇಶದಿಂದ ಆಗುವುದೇನು?

ದಿವಾಳಿಯೆಂದು ಘೋಷಣೆಯಾದೊಡನೆ ಸಾಲಗಾರನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್ ಅವರ ವಶಕ್ಕೆ ಹೋಗುತ್ತದೆ. ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿ ಇಲ್ಲದೆ ಬೇರೆ ಬೇರೆ ದಾವೆ ಹೂಡುವಂತಿಲ್ಲ. ಆದರೆ ಅಡಮಾನ ಪಡೆದಿರುವ ಬ್ಯಾಂಕಿನ ಹಕ್ಕಿಗೆ ಇದರಿಂದ ಧಕ್ಕೆ ಇಲ್ಲ. ಮನೆ ಅಥವಾ ಗೋದಾಮನ್ನು ಅಡವಿಟ್ಟಿದ್ದರೆ ದಿವಾಳಿ ಅರ್ಜಿಯು ಅದನ್ನು ಉಳಿಸಿಕೊಡದು.

ಬಿಡುಗಡೆಯೂ ತಾನಾಗಿ ದೊರೆಯುವುದಿಲ್ಲ. ನ್ಯಾಯಾಲಯ ಗೊತ್ತುಪಡಿಸಿದ ಅವಧಿಯೊಳಗೆ ಸಾಲಗಾರನೇ ವಿಮೋಚನೆಗೆ ಅರ್ಜಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ದಿವಾಳಿ ಆದೇಶವೇ ರದ್ದಾಗುತ್ತದೆ. ಆಸ್ತಿಯ ಮೌಲ್ಯವು ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದಲ್ಲಿ, ಅದು ತನ್ನ ತಪ್ಪಿನಿಂದ ಆದುದಲ್ಲವೆಂದು ಸಾಲಗಾರನು ತೋರಿಸಬೇಕಾಗುತ್ತದೆ. ಹಿಂದಿನ ಮೂರು ವರ್ಷಗಳ ಲೆಕ್ಕಪುಸ್ತಕಗಳನ್ನು ವ್ಯಾಪಾರದ ರೂಢಿಯಂತೆ ಇಟ್ಟಿರದಿದ್ದರೆ ಪೂರ್ಣ ವಿಮೋಚನೆಯನ್ನು ನಿರಾಕರಿಸಲು ಅದೂ ಒಂದು ಕಾರಣವಾಗುತ್ತದೆ. ಕಿರ್ದಿ-ಖತಾವಣಿಯನ್ನು ತೆರಿಗೆಗಾಗಿ ಮಾತ್ರ ಬರೆಯುವುದೆಂದು ತಿಳಿದವರು ಈ ನಿಯಮವನ್ನು ಗಮನಿಸಬೇಕು.

ವಿಮೋಚನೆ ದೊರೆತರೂ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ ಮತ್ತು ಜೀವನಾಂಶದ ಹೊಣೆ ಉಳಿಯುತ್ತವೆ. ಪಾಲುದಾರನಿಗಾಗಲಿ ಜಾಮೀನುದಾರನಿಗಾಗಲಿ ಆ ಆದೇಶದಿಂದ ಬಿಡುಗಡೆ ಇಲ್ಲ. ವಿಮೋಚನೆಗೆ ಮುನ್ನ ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲ ಪಡೆದರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. 1920ರ ಈ 50 ರೂಪಾಯಿ ಇಂದಿಗೂ ಬದಲಾಗಿಲ್ಲ. ಕಿರಾಣಿ ಅಂಗಡಿಯ ಉದ್ರಿಯೂ ಅದರೊಳಗೆ ಬರುತ್ತದೆ. ಪಾಲುದಾರಿಕೆ ಕಾಯ್ದೆಯ ಪ್ರಕಾರ ದಿವಾಳಿಯಾದವನು ಆದೇಶದ ದಿನದಿಂದಲೇ ಪಾಲುದಾರನಾಗಿ ಉಳಿಯುವುದಿಲ್ಲ. ಬೇರೆ ಕರಾರು ಇಲ್ಲದಿದ್ದರೆ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ.

ಈ ಕಾಯ್ದೆಯಲ್ಲಿ ಒಂದು ಉಪಯುಕ್ತ ಅವಕಾಶವೂ ಇದೆ. ಸಾಲಗಾರನು ಮುಂದಿಟ್ಟ ರಾಜಿ ಯೋಜನೆಯನ್ನು, ಸಭೆಗೆ ಹಾಜರಾದ ಸಾಲಿಗರಲ್ಲಿ ಬಹುಸಂಖ್ಯಾತರು ಹಾಗೂ ಸಾಲದ ಮೌಲ್ಯದಲ್ಲಿ ಮುಕ್ಕಾಲು ಪಾಲು ಹೊಂದಿದವರು ಒಪ್ಪಿದರೆ ನ್ಯಾಯಾಲಯವು ಮಂಜೂರು ಮಾಡಬಹುದು. ಹತ್ತಾರು ಕೈಸಾಲಗಳ ಮಧ್ಯೆ ಒಬ್ಬಿಬ್ಬರು ಮಾತ್ರ ಹಟ ಹಿಡಿದಿರುವಾಗ ಇದರಿಂದ ಪ್ರಯೋಜನವುಂಟು.

ವಿದೇಶಗಳ ಮಾತೇ ಬೇರೆ. ಬ್ರಿಟನ್ನಿನಲ್ಲಿ ದಿವಾಳಿಯಾದವನಿಗೆ ಸಾಮಾನ್ಯವಾಗಿ 12 ತಿಂಗಳಲ್ಲಿ ವಿಮೋಚನೆ ದೊರೆಯುತ್ತದೆ ಮತ್ತು ಸಾಲದ ವರದಿಯಲ್ಲಿ ಆ ದಾಖಲೆ ಆರು ವರ್ಷ ಇರುತ್ತದೆ. ಅಮೆರಿಕದಲ್ಲಿ ಹತ್ತು ವರ್ಷದವರೆಗೆ ಇರಬಹುದು. ಅಲ್ಲಿ ಅವಧಿ ಮುಗಿದರೆ ಹೊಸ ಪುಟ ಆರಂಭವಾಗುತ್ತದೆ. ನಮ್ಮಲ್ಲಿ ಒಡೆತನದ ವ್ಯಾಪಾರಿಗೆ ಅಂತಹ ನಿಶ್ಚಿತ ದಿನವಿಲ್ಲ. ಸಣ್ಣ ವರ್ತಕರು ದಿವಾಳಿ ಅರ್ಜಿಗಿಂತ ಬೇರೆ ದಾರಿಗಳನ್ನು ನೋಡಬೇಕಾಗಿರುವುದು ಈ ಕಾರಣದಿಂದಲೇ.

ಸಾಲದ ವರದಿಯಲ್ಲಿ ದಾಖಲಾಗುವುದೇನು?

ಹಿಂದೆ ಪೇಟೆಯಲ್ಲಿ ಪತ್ತು ಎಂಬುದು ಬಾಯಿಮಾತಿನಲ್ಲಿತ್ತು. ಅಡತಿಯವನೊಬ್ಬನು 'ಅವರಿಗೆ ಕೊಡಬಹುದು' ಎಂದರೆ ಸಾಕಾಗುತ್ತಿತ್ತು. 2000ದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾಗಿ, 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆ ಬಂದ ಮೇಲೆ ಅದು ಲಿಖಿತ ದಾಖಲೆಯಾಯಿತು. ಇಂದು ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳಿವೆ. ವ್ಯಕ್ತಿಯ ಅಂಕ 300ರಿಂದ 900ರವರೆಗೆ ಇರುತ್ತದೆ. ಸಣ್ಣ ಉದ್ದಿಮೆಗಳಿಗೆ ಸಿಬಿಲ್ 1ರಿಂದ 10ರವರೆಗೆ ದರ್ಜೆ ನೀಡುತ್ತದೆ. ಇಲ್ಲಿ 1 ಉತ್ತಮ, 10 ಅಪಾಯಕರ.

ಈ ಕಂಪನಿಗಳಿಗೆ ಮಾಹಿತಿ ಬರುವುದು ಸಾಲ ನೀಡಿದ ಸಂಸ್ಥೆಗಳಿಂದ. ನ್ಯಾಯಾಲಯದ ವಿಮೋಚನೆ ಆದೇಶವು ತಾನಾಗಿ ವರದಿಯಲ್ಲಿ ಮೂಡುವುದಿಲ್ಲ. ದಲಾಲಿ ಅಂಗಡಿಯ ಉದ್ರಿ, ಕೈಸಾಲ, ಮರಳಿ ಬಂದ ವ್ಯಾಪಾರದ ಚೆಕ್ಕು ಇವೂ ಅಲ್ಲಿ ಕಾಣವು. ಕಂತು ಎಷ್ಟು ದಿನ ತಡವಾಯಿತು ಎಂಬುದರ 36 ತಿಂಗಳ ಪಟ್ಟಿ ಕಾಣುತ್ತದೆ. ಖಾತೆಯ ಸ್ಥಿತಿ 'ಮುಕ್ತಾಯ', 'ರಾಜಿ ಇತ್ಯರ್ಥ', 'ರೈಟ್ ಆಫ್' ಅಥವಾ 'ದಾವೆ ಹೂಡಲಾಗಿದೆ' ಎಂದು ದಾಖಲಾಗಿರುತ್ತದೆ. ಸಾಲ ಮಾಹಿತಿ ಕಂಪನಿಗಳು ದಾಖಲೆಯನ್ನು ಕನಿಷ್ಠ ಏಳು ವರ್ಷ ಕಾದಿರಿಸಬೇಕು. ಬ್ಯಾಂಕ್ ವ್ಯವಸ್ಥಾಪಕರು ಮೊದಲು ನೋಡುವುದು ಅಂಕವನ್ನಾದರೂ, ಅರ್ಜಿಯ ಭವಿಷ್ಯ ನಿರ್ಧಾರವಾಗುವುದು ಈ ಸ್ಥಿತಿಯ ಮೇಲೆ.

ನಾಲ್ಕು ದಾರಿಗಳ ಹೋಲಿಕೆ

ತಿಳಿವಳಿಕೆಗಾಗಿ ನಾಲ್ಕು ತಾಲೂಕುಗಳಿಂದ ನಾಲ್ಕು ಕಲ್ಪಿತ ಉದಾಹರಣೆಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು, ಹಾನಗಲ್ಲಿನ ಅಕ್ಕಿ ಗಿರಣಿ. ಭತ್ತದ ಆವಕ ಕುಸಿದು ಗಿರಣಿಯ ಕಂತು 40 ದಿನ ತಡವಾಗಿದೆ. ಖಾತೆ ಇನ್ನೂ ಅನುತ್ಪಾದಕವಾಗಿಲ್ಲ. 90 ದಿನ ಮೀರಿದಾಗ ಮಾತ್ರ ಹಾಗಾಗುತ್ತದೆ. ಇಂತಹ ಘಟಕಗಳಿಗಾಗಿಯೇ ಕೇಂದ್ರ ಸರ್ಕಾರವು 2015ರ ಮೇ 29ರಂದು ಸಣ್ಣ ಉದ್ದಿಮೆಗಳ ಪುನಶ್ಚೇತನದ ಚೌಕಟ್ಟನ್ನು ಹೊರಡಿಸಿತು. 25 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಅದು ಅನ್ವಯಿಸುತ್ತದೆ. ಸಂಕಷ್ಟದ ಮುನ್ಸೂಚನೆ ಕಂಡಾಗ ಉದ್ದಿಮೆದಾರನೇ ಅರ್ಜಿ ಕೊಡಬಹುದು. ಖಾತೆಯನ್ನು ಸರಿಪಡಿಸುವುದೋ, ಪುನರ್‌ರಚಿಸುವುದೋ, ವಸೂಲಿಗೆ ಇಳಿಯುವುದೋ ಎಂಬುದನ್ನು ಪರಿಶೀಲಿಸಿ ತೀರ್ಮಾನಿಸಬೇಕು. ಈ ಚೌಕಟ್ಟನ್ನು ಪಾಲಿಸುವುದು ಬ್ಯಾಂಕುಗಳಿಗೆ ಕಡ್ಡಾಯ, ಆದರೆ ಖಾತೆ ಅನುತ್ಪಾದಕವಾಗುವ ಮುನ್ನವೇ ಉದ್ದಿಮೆದಾರನು ದಾಖಲೆಗಳೊಂದಿಗೆ ಅದನ್ನು ಕೇಳಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟ್ 1ರಂದು ತೀರ್ಪಿತ್ತಿದೆ. ಆದ್ದರಿಂದ 40ನೆಯ ದಿನ ಬ್ಯಾಂಕಿಗೆ ಹೋದ ಗಿರಣಿಯವರಿಗೆ ಇರುವ ಹಕ್ಕು 100ನೆಯ ದಿನ ಹೋದವರಿಗೆ ಇರುವುದಿಲ್ಲ. ಸರಿಪಡಿಸುವಿಕೆಯಲ್ಲೇ ಮುಗಿದರೆ ವರದಿಯಲ್ಲಿ ಉಳಿಯುವುದು ಕೆಲವು ತಿಂಗಳ ವಿಳಂಬ ಮಾತ್ರ. ಪುನರ್‌ರಚನೆಯಾದರೆ ಆ ಮಾತು ದಾಖಲಾಗುತ್ತದೆ, ಖಾತೆಯ ವರ್ಗವೂ ಇಳಿಯಬಹುದು.

ವ್ಯಾಪಾರಿಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. 2021ರ ಜುಲೈನಿಂದ ಸಗಟು ಮತ್ತು ಚಿಲ್ಲರೆ ವ್ಯಾಪಾರಕ್ಕೂ ಉದ್ಯಮ್ ನೋಂದಣಿ ದೊರೆಯುತ್ತಿದೆಯಾದರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಗಿದೆ. ಆದ್ದರಿಂದ ಶುದ್ಧ ವ್ಯಾಪಾರಿಯು ಬ್ಯಾಂಕಿನ ಸ್ವಂತ ನೀತಿಯಡಿ ಪುನರ್‌ರಚನೆ ಕೋರುವುದು ಸೂಕ್ತ.

ಎರಡನೆಯದು, ಶಿಗ್ಗಾವಿಯ ಹತ್ತಿ ವರ್ತಕ. ಅವನ ಕ್ಯಾಶ್ ಕ್ರೆಡಿಟ್ ಖಾತೆಯು ಮಿತಿ ಮೀರಿ 90 ದಿನ ಕಳೆದು ಅನುತ್ಪಾದಕವಾಗಿದೆ. ಜಪ್ತಿ ಕಾಯ್ದೆಯೆಂದು ಕರೆಯಲ್ಪಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಬಂದಿದೆ. ನೋಟಿಸಿನ ಅವಧಿಯಲ್ಲಿ ಅವನು ತನ್ನ ಖಾಲಿ ನಿವೇಶನವನ್ನು ತಾನೇ ಮಾರಿ ಬಾಕಿಯನ್ನೆಲ್ಲ ತುಂಬುತ್ತಾನೆ. ತಾನೇ ಮಾರಿದ ಆಸ್ತಿಗೂ ಹರಾಜಿಗೆ ಹೋದ ಆಸ್ತಿಗೂ ಬೆಲೆಯಲ್ಲಿ ಆಗುವ ವ್ಯತ್ಯಾಸ ವರ್ತಕರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದಂತೆ ಅಸಲು ಹಾಗೂ ಬಡ್ಡಿಯ ಬಾಕಿ ಪೂರ್ತಿ ಸಂದಾಯವಾದಾಗಲೇ ಖಾತೆ ಮತ್ತೆ ಕ್ರಮಬದ್ಧವಾಗುತ್ತದೆ. ಅರ್ಧ ತುಂಬಿದರೆ ಆಗದು. ಹೀಗೆ ಪೂರ್ತಿ ತೀರಿಸಿದವನ ವರದಿಯಲ್ಲಿ ವಿಳಂಬದ ಕಲೆ ಇರುತ್ತದೆ, ಆದರೆ ಬ್ಯಾಂಕಿಗೆ ನಷ್ಟ ಮಾಡಿದ ಕಲೆ ಇರುವುದಿಲ್ಲ. ಮೂರು ವರ್ಷಗಳಲ್ಲಿ ವಿಳಂಬದ ಪಟ್ಟಿಯೂ ಹಿಂದೆ ಸರಿಯುತ್ತದೆ.

ಮೂರನೆಯದು, ಸವಣೂರಿನ ಖಾರದ ತಯಾರಕ. 18 ಲಕ್ಷ ರೂಪಾಯಿ ಬಾಕಿಯನ್ನು 11 ಲಕ್ಷಕ್ಕೆ ಒಂದೇ ಬಾರಿಗೆ ಇತ್ಯರ್ಥಗೊಳಿಸಲು ಬ್ಯಾಂಕ್ ಒಪ್ಪಿದೆ. 7 ಲಕ್ಷ ಉಳಿಯಿತೆಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ಆದರೆ ವರದಿಯಲ್ಲಿ ಖಾತೆಯು 'ರಾಜಿ ಇತ್ಯರ್ಥ' ಎಂದು ದಾಖಲಾಗುತ್ತದೆ. 2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಚೌಕಟ್ಟಿನಂತೆ, ಕೃಷಿಯೇತರ ಸಾಲದಲ್ಲಿ ರಾಜಿ ಮಾಡಿಕೊಂಡವರಿಗೆ ಆ ಬ್ಯಾಂಕ್ ಕನಿಷ್ಠ 12 ತಿಂಗಳು ಹೊಸ ಸಾಲ ನೀಡುವಂತಿಲ್ಲ. ಬ್ಯಾಂಕಿನ ಮಂಡಳಿಯು ಇನ್ನೂ ದೀರ್ಘ ಅವಧಿ ನಿಗದಿಪಡಿಸಬಹುದು. ಇತರ ಬ್ಯಾಂಕುಗಳೂ ಹಿಂಜರಿಯುತ್ತವೆ. ಅವನಿಗೆ ದುಡಿಯುವ ಬಂಡವಾಳವಾಗಿ 15 ಲಕ್ಷ ಬೇಕೆಂದೂ, ಬ್ಯಾಂಕಿನ ಶೇಕಡಾ 11ರ ಬದಲು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಅಂದರೆ ವರ್ಷಕ್ಕೆ ಶೇಕಡಾ 24ರಂತೆ ಹೊರಗೆ ತಂದನೆಂದೂ ಭಾವಿಸೋಣ. ವರ್ಷಕ್ಕೆ ಹೆಚ್ಚುವರಿ ಬಡ್ಡಿ 1,95,000 ರೂಪಾಯಿ. ಮೂರು ವರ್ಷಕ್ಕೆ 5,85,000 ರೂಪಾಯಿ. ಹಿಂದೆ ಖರ್ಚೆಂದು ತೋರಿಸಿದ ಬಡ್ಡಿಯನ್ನು ಬ್ಯಾಂಕ್ ಮನ್ನಾ ಮಾಡಿದ್ದರೆ ಅದು ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಉಳಿದ 7 ಲಕ್ಷದಲ್ಲಿ ಕೈಗೆ ದಕ್ಕುವುದು ಬಹಳ ಕಡಿಮೆ. ಆಸ್ತಿಯೂ ಇಲ್ಲದೆ, ಪೂರ್ತಿ ತೀರಿಸಲು ನಿಜವಾಗಿ ಶಕ್ತಿಯಿಲ್ಲದವನಿಗೆ ರಾಜಿ ಒಳ್ಳೆಯ ದಾರಿ. ಶಕ್ತಿಯಿದ್ದೂ ಉಳಿತಾಯದ ಆಸೆಗೆ ಅದನ್ನು ಹಿಡಿಯುವುದು ಲಾಭದ ವ್ಯಾಪಾರವಲ್ಲ.

ನಾಲ್ಕನೆಯದು, ಹಿರೇಕೆರೂರಿನ ಬೀಜ-ಗೊಬ್ಬರದ ಅಂಗಡಿ. ರೈತರ ಮೇಲಿನ ಉದ್ರಿ ಬಾರದೆ, ಕಂಪನಿಗಳಿಗೂ ಬ್ಯಾಂಕಿಗೂ ಕೈಸಾಲ ಕೊಟ್ಟವರಿಗೂ ತೀರಿಸಲಾಗದೆ ಅಂಗಡಿ ಮುಚ್ಚಿದೆ. ಆಸ್ತಿಗಿಂತ ಸಾಲ ಎಷ್ಟೋ ಪಟ್ಟು ಹೆಚ್ಚಿದೆ, ಸಾಲಿಗರು ಅನೇಕರಿದ್ದಾರೆ. ದಿವಾಳಿ ಅರ್ಜಿ ಉಪಯುಕ್ತವಾಗುವುದು ಇಂತಹ ಸಂದರ್ಭದಲ್ಲಿ. ಲೆಕ್ಕಪುಸ್ತಕ ಸರಿಯಾಗಿದ್ದರೆ ಬರಬೇಕಾದ ಉದ್ರಿಯನ್ನೂ ರಿಸೀವರ್ ವಸೂಲಿ ಮಾಡಿ ಎಲ್ಲರಿಗೂ ಪ್ರಮಾಣದಂತೆ ಹಂಚಬಹುದು. ಮನೆಯ ಮುಂದಿನ ಗದ್ದಲ ನಿಲ್ಲುತ್ತದೆ. ಆದರೆ ಬ್ಯಾಂಕ್ ಪತ್ತಿನ ದೃಷ್ಟಿಯಿಂದ ಇದು ಅತಿ ದೀರ್ಘವಾದ ದಾರಿ. ವಿಮೋಚನೆಯಾಗುವವರೆಗೆ ಸಾಲದ ಮಾತೇ ಇಲ್ಲ, ಆದ ಮೇಲೂ ಪ್ರತಿ ಬ್ಯಾಂಕಿಗೆ ಆದೇಶದ ಪ್ರತಿ ಸಲ್ಲಿಸಿ ಖಾತೆಯ ದಾಖಲೆ ಸರಿಪಡಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಕೆಟ್ಟದ್ದು ಏನೂ ಮಾಡದೆ ಕುಳಿತುಕೊಳ್ಳುವುದು. 'ಬ್ಯಾಂಕಿನವರು ರೈಟ್ ಆಫ್ ಮಾಡಿದರು, ಸಾಲ ಹೋಯಿತು' ಎಂಬ ನಂಬಿಕೆ ವ್ಯಾಪಕವಾಗಿದೆ. ರೈಟ್ ಆಫ್ ಎಂಬುದು ಬ್ಯಾಂಕಿನ ಲೆಕ್ಕದ ಹೊಂದಾಣಿಕೆ. ಸಾಲಗಾರನ ಹೊಣೆ ಹಾಗೆಯೇ ಇರುತ್ತದೆ. ಅವಧಿ ಮೀರಿದ ಸಾಲಕ್ಕೆ ದಾವೆ ಹೂಡಲಾಗದಿದ್ದರೂ ವರದಿಯಲ್ಲಿನ ದಾಖಲೆ ಅಳಿಯದು. ಶಕ್ತಿಯಿದ್ದೂ ಕೊಡದವರು, ಹಣವನ್ನು ಬೇರೆಡೆಗೆ ತಿರುಗಿಸಿದವರು 25 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಇದ್ದಲ್ಲಿ ಉದ್ದೇಶಪೂರ್ವಕ ಸುಸ್ತಿದಾರರ ಪಟ್ಟಿಗೆ ಸೇರಬಹುದು. 2024ರ ಜುಲೈ 30ರ ನಿರ್ದೇಶನದಂತೆ ಆ ಪಟ್ಟಿಯಿಂದ ಹೆಸರು ತೆಗೆದ ಮೇಲೂ ಒಂದು ವರ್ಷ ಹೆಚ್ಚುವರಿ ಸಾಲವಿಲ್ಲ, ಹೊಸ ಉದ್ಯಮಕ್ಕೆ ಐದು ವರ್ಷ ಸಾಲವಿಲ್ಲ.

ಜಾಮೀನು ಹಾಕಿದವರ ಪಾಡು

ನಮ್ಮ ಪೇಟೆಗಳಲ್ಲಿ ಪಕ್ಕದ ಅಂಗಡಿಯವರಿಗೆ, ಬೀಗರಿಗೆ, ಅಣ್ಣ-ತಮ್ಮಂದಿರಿಗೆ ಜಾಮೀನು ಹಾಕುವುದು ಸೌಜನ್ಯದ ಸಂಗತಿಯಾಗಿದೆ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ವ್ಯಾಪಕ. ಖಾತೆ ಕೆಟ್ಟರೆ ಅವನ ವರದಿಗೂ ಕಲೆ ತಗಲುತ್ತದೆ. ಎಂದೂ ಕಂತು ತಪ್ಪಿಸದ ಮನುಷ್ಯನಿಗೆ ಮಗಳ ಶಿಕ್ಷಣಸಾಲ ಕೇಳಲು ಹೋದಾಗಲೇ ಇದು ತಿಳಿಯುವುದುಂಟು. ಸಂಕಷ್ಟದಲ್ಲಿರುವ ವರ್ತಕನು ಬ್ಯಾಂಕಿಗೆ ತಿಳಿಸುವ ದಿನವೇ ಜಾಮೀನುದಾರರಿಗೂ ತಿಳಿಸುವುದು ಧರ್ಮ. ರಾಜಿ ಪತ್ರದಲ್ಲಿ ಜಾಮೀನುದಾರರ ಬಿಡುಗಡೆಯನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಮರಳಿ ಪತ್ತು ಕಟ್ಟುವ ಕ್ರಮ

1. ನಾಲ್ಕೂ ಸಾಲ ಮಾಹಿತಿ ಕಂಪನಿಗಳಿಂದ ವರದಿ ಪಡೆಯಿರಿ. ಪ್ರತಿ ಕಂಪನಿಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲೂ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲೂ ವಿಲೀನಗೊಂಡವು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಡನೆ ಒಂದಾಗಿದೆ. ಹಳೆಯ ಖಾತೆಯ ದಾಖಲೆ ಸರಿಪಡಿಸಲು ಈಗ ವಿಲೀನಾನಂತರದ ಬ್ಯಾಂಕನ್ನೇ ಕೇಳಬೇಕು.

2. ಬಾಕಿ ಇಲ್ಲವೆಂಬ ಪ್ರಮಾಣಪತ್ರವನ್ನು ಲಿಖಿತವಾಗಿ ಪಡೆದು, ಉಪನೋಂದಣಿ ಕಚೇರಿಯಲ್ಲಿ ಅಡಮಾನವನ್ನು ರದ್ದುಪಡಿಸಿ, ಉತಾರದ ಮೇಲಿನ ಬೋಜಾ ತೆಗೆಸಿರಿ. ಎಷ್ಟೋ ಜನ ಹಣ ತುಂಬಿ ಇಷ್ಟು ಮಾತ್ರ ಮರೆಯುತ್ತಾರೆ.

3. ತಪ್ಪು ದಾಖಲೆ ಇದ್ದರೆ ಬ್ಯಾಂಕಿಗೂ ಸಾಲ ಮಾಹಿತಿ ಕಂಪನಿಗೂ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಮುಂದಿನ ಹಂತ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್.

4. ರಾಜಿ ಮಾಡಿಕೊಂಡವರು ಮುಂದೆ ಶಕ್ತಿ ಬಂದಾಗ, ಬಿಟ್ಟುಕೊಟ್ಟ ಮೊತ್ತವನ್ನು ತುಂಬಿ ಖಾತೆಯನ್ನು 'ಮುಕ್ತಾಯ' ಎಂದು ತಿದ್ದಿಸಲು ಬ್ಯಾಂಕನ್ನು ಕೋರಬಹುದು. ಬ್ಯಾಂಕ್ ಒಪ್ಪಿದರೆ ಇದಕ್ಕಿಂತ ಫಲಕಾರಿಯಾದ ಕ್ರಮ ಬೇರಿಲ್ಲ.

5. ಸಣ್ಣದಾಗಿ ಆರಂಭಿಸಿ. ಠೇವಣಿಯ ಮೇಲಿನ ಸಾಲ, ಬಂಗಾರದ ಸಾಲ ಇವು ಭದ್ರತೆ ಇರುವುದರಿಂದ ಬೇಗ ದೊರೆಯುತ್ತವೆ. ತೆಗೆದುಕೊಂಡ ಮೊತ್ತ ಸಣ್ಣದಾದರೂ ದಿನ ತಪ್ಪದೆ ತುಂಬಿದ ದಾಖಲೆ ವರದಿಯಲ್ಲಿ ಸೇರುತ್ತದೆ. ಒಂದೇ ಸಮಯದಲ್ಲಿ ಹತ್ತು ಕಡೆ ಅರ್ಜಿ ಹಾಕಬೇಡಿ. ಪ್ರತಿ ವಿಚಾರಣೆಯೂ ದಾಖಲಾಗುತ್ತದೆ.

6. ಜಿಎಸ್‌ಟಿ ರಿಟರ್ನ್ ಮತ್ತು ಆದಾಯ ತೆರಿಗೆ ವಿವರಗಳನ್ನು ಸಕಾಲದಲ್ಲಿ ಸಲ್ಲಿಸಿರಿ, ವಹಿವಾಟನ್ನು ಬ್ಯಾಂಕ್ ಖಾತೆಯ ಮೂಲಕವೇ ನಡೆಸಿರಿ. ಹಿಂದಿನ ವೈಫಲ್ಯದ ಕಾರಣ, ತೀರಿಸಿದ ಬಗೆ ಮತ್ತು ಈಗಿನ ವಹಿವಾಟನ್ನು ಒಂದು ಪುಟದಲ್ಲಿ ಬರೆದು ಅರ್ಜಿಯೊಡನೆ ಕೊಡಿ. ವ್ಯವಸ್ಥಾಪಕರು ವರದಿಯಲ್ಲಿ ಕಾಣುವ ಮುನ್ನ ಅದನ್ನು ನೀವೇ ಹೇಳಿದಿರಾದರೆ ಮಾತಿಗೆ ತೂಕ ಬರುತ್ತದೆ.

ಪೇಟೆಯ ಪತ್ತಿಗೆ ಬೇರೆಯೇ ನಿಯಮ. ಅಡತಿಯವರ ನೆನಪು ಯಾವ ಕಂಪನಿಯ ದಾಖಲೆಗಿಂತಲೂ ದೀರ್ಘ. ಆದರೆ ಅಲ್ಲಿ ಅಂಕಕ್ಕಿಂತ ನಡತೆಗೆ ಬೆಲೆಯಿದೆ. ಅಂಗಡಿ ಮುಚ್ಚಿ ಊರು ಬಿಟ್ಟವನಿಗೂ, ಊರಲ್ಲೇ ಉಳಿದು ಪ್ರತಿ ಸುಗ್ಗಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಿದವನಿಗೂ ಇರುವ ವ್ಯತ್ಯಾಸವನ್ನು ಮಾರುಕಟ್ಟೆ ಬಲ್ಲದು. 1905ರಲ್ಲಿ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಪತ್ತಿನ ಸಂಘ ಕಟ್ಟಿದಾಗಲೂ ಅದರ ಬಂಡವಾಳ ಊರವರ ಪರಸ್ಪರ ನಂಬಿಕೆಯೇ ಆಗಿತ್ತು.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲ 90 ದಿನಗಳಲ್ಲಿ ಬಾಯಿ ತೆರೆದವನಿಗೆ ಅತಿ ಕಡಿಮೆ ಹಾನಿ. ಪೂರ್ತಿ ತೀರಿಸಿದವನಿಗೆ ಸುಮಾರು ಮೂರು ವರ್ಷಗಳ ಕಾಯುವಿಕೆ. ರಾಜಿ ಮಾಡಿಕೊಂಡವನಿಗೆ ಅದಕ್ಕಿಂತ ಹೆಚ್ಚು. ದಿವಾಳಿಯಾದವನಿಗೆ ನ್ಯಾಯಾಲಯದ ವಿಮೋಚನೆಯ ನಂತರವೇ ಲೆಕ್ಕ ಆರಂಭ. ಸಂಕಷ್ಟದ ಸುಳಿವು ಕಂಡ ತಿಂಗಳಲ್ಲಿಯೇ ಲೆಕ್ಕಪುಸ್ತಕಗಳೊಂದಿಗೆ ಬ್ಯಾಂಕಿನ ಬಾಗಿಲು ತಟ್ಟುವುದು ವರ್ತಕರಿಗೂ ಅವರನ್ನು ನಂಬಿ ಸಹಿ ಹಾಕಿದವರಿಗೂ ಕ್ಷೇಮಕರವೆಂಬುದರಲ್ಲಿ ಸಂದೇಹವಿಲ್ಲ.